ಅಣ್ಣನ ಹೆಬ್ಬೆರಳು

ಮಧುಗಿರಿಯ ನಮ್ಮ ಮನೆಯ ಜಗಲಿ ಮುಂದಿನ ಅಂಗಳವೇ ಅಣ್ಣನ ಗ್ಯಾರೇಜು. ಬೈಕು ಎಳೆಯುತ್ತಿಲ್ಲ ಎಂದು ಯಾರಾದರೂ ಬಂದರೆ ಅವನು ಮೊದಲು ನೋಡುತ್ತಿದ್ದದ್ದು ಕಂಪ್ರೆಶನ್. ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ. ನಾನು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ಕರ್ ಒದೆಯಬೇಕು. ಒಳಗಿನ ಗಾಳಿ ಬೆರಳನ್ನು ಜೋರಾಗಿ ತಳ್ಳಿದರೆ ಇಂಜಿನ್ ಗಟ್ಟಿ. ತಳ್ಳದಿದ್ದರೆ ಪಿಸ್ಟನ್ನಿನ ರಿಂಗು ಸವೆದು ಗಾಳಿ ಸೋರುತ್ತಿದೆ ಎಂದು ಲೆಕ್ಕ. ಆ ಒತ್ತಡ ಅಳೆಯುವ ಮೀಟರ್ ಇಟ್ಟು ನೋಡುವವರನ್ನು ಕಂಡರೆ ಅವನಿಗೆ ತಾತ್ಸಾರ. "ಬೆರಳಿಲ್ದೋರು ಮೀಟ್ರು ಮಡಗ್ತಾರೆ ಕಣ್ಲಾ" ಎನ್ನುತ್ತಿದ್ದ.

ಹೋದ ವರ್ಷ ಐ.ಡಿ.ಹಳ್ಳಿಯ ಮೇಷ್ಟ್ರೊಬ್ಬರ ಬೈಕಿಗೆ ಬೆರಳಿಟ್ಟು "ಗಾಳೀನೇ ಇಲ್ಲ, ರಿಂಗ್ ಹೋಗೈತೆ" ಎಂದ. ಪ್ಲಗ್ ಬಿಚ್ಚುವ ಮೊದಲು ನಾನು ಒದ್ದಾಗ ಕಿಕ್ಕರ್ ಗಟ್ಟಿಯಾಗಿಯೇ ಎದುರು ನಿಂತಿತ್ತು, ಅಂದರೆ ಒಳಗೆ ಗಾಳಿ ಸರಿಯಾಗೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಕೆಲಸ ಕಲಿಸಿದವನಿಗೆ ಏನಂತ ಹೇಳುವುದು? ಇಂಜಿನ್ ನಾನೇ ಬಿಚ್ಚಿದೆ. ಹಳೇ ರಿಂಗು ಏನೂ ಸವೆದಿರಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದು ಹೊಸದು ಹಾಕಿದೆ.

ಮರುವಾರ ಕೊರಟಗೆರೆಯಿಂದ ಬಂದ ಬೈಕಿಗೂ ಅದೇ ಮಾತು. ನನಗೆ ತಲೆ ಕೆಟ್ಟುಹೋಯಿತು. ಶಿರಾದಿಂದ ಗುಟ್ಟಾಗಿ ತಂದಿಟ್ಟುಕೊಂಡಿದ್ದ ಮೀಟರನ್ನು ಗಿರಾಕಿಯ ಎದುರಿಗೇ ಪ್ಲಗ್ಗಿನ ತೂತಿಗೆ ಕೂರಿಸಿ ಒದ್ದೆ. ಮುಳ್ಳು ಎಲ್ಲಿಗೆ ಬರಬೇಕೋ ಅಲ್ಲಿಗೆ ಏರಿ ನಿಂತಿತು.

"ನೋಡಣ್ಣ, ಕಂಪ್ರೆಶನ್ ಚೆನ್ನಾಗೈತೆ. ನಿಂಗೇ ಗೊತ್ತಾಯ್ತಿಲ್ಲ" ಎಂದೆ.

ಗಿರಾಕಿ ನಕ್ಕ. ನಾನೂ ನಕ್ಕುಬಿಟ್ಟೆ. ಆ ನಗುವಿಗೆ ಬೆಂಕಿ ಬೀಳ.

ಅಣ್ಣ ಮೀಟರ್ ಬಿಚ್ಚಿ ಪಕ್ಕಕ್ಕಿಟ್ಟು, ಮತ್ತೆ ಬೆರಳಿಟ್ಟು "ಇನ್ನೊಂದ್ ಸಲ ಒದಿ" ಎಂದ. ಒದ್ದೆ. ಬೆರಳ ಪಕ್ಕದಿಂದ ಪುಸ್ಸೆಂದು ಗಾಳಿ ನುಗ್ಗಿದ್ದು ಎಲ್ಲರಿಗೂ ಕೇಳಿಸಿತು. ಅವನು ಎಡಗೈ ಬೆರಳನ್ನೂ ಇಟ್ಟು ನೋಡಿದ. ಆಗ ನನ್ನ ಕಣ್ಣಿಗೆ ಬಿತ್ತು: ಬಿಸಿ ಇಂಜಿನ್ನಿಗೆ ತಗುಲಿ ಅವನ ಬಲಗೈ ಹೆಬ್ಬೆರಳ ಅಂಚಿನಲ್ಲಿ ಬೊಬ್ಬೆ ಎದ್ದಿತ್ತು. ಅದೂ ಅವನಿಗೆ ತಿಳಿದಿರಲಿಲ್ಲ. ಹತ್ತಾರು ವರ್ಷದ ಸಕ್ಕರೆ ಕಾಯಿಲೆ ಬೆರಳುಗಳನ್ನು ಮರಗಟ್ಟಿಸಿಬಿಟ್ಟಿತ್ತು.

ಗಿರಾಕಿ ಹೋದ ಮೇಲೆ ಅಣ್ಣ ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತ.

"ಮೇಷ್ಟ್ರ ಗಾಡಿ?" ಎಂದು ಕೇಳಿದ.

"ಅದ್ರ ರಿಂಗು ನಿಜವಾಗ್ಲೂ ಹೋಗಿತ್ತು ಬುಡಣ್ಣ."

ಅಣ್ಣ ನಂಬಲಿಲ್ಲ. "ಒದೆಯುವಾಗ್ಲೇ ನಿನ್ ಕಾಲಿಗೆ ಗೊತ್ತಾಗಿತ್ತು, ಅಲ್ವೇನ್ಲಾ? ಅವತ್ತೇ, ಯಾರೂ ಇಲ್ದಾಗ, ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

ಆಮೇಲೆ ಅವನು ಒಂದು ಇಂಜಿನ್ನನ್ನೂ ಮುಟ್ಟಿಲ್ಲ. ಯಾರಾದರೂ ಬೈಕು ತಂದು ನಿಲ್ಲಿಸಿದರೆ "ನಮ್ ತಮ್ಮ ನೋಡ್ತಾನೆ" ಎಂದು ಹೇಳಿ, ಎದ್ದು ಒಳಗೆ ಹೋಗುತ್ತಾನೆ.