ವ್ಯಾನಿಗೊಂದು ಮಾಳಿಗೆ

ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಂದೇ ವ್ಯಾನಿನಲ್ಲಿಟ್ಟುಕೊಂಡು ಗಂಡ ಹೆಂಡತಿ ಊರೂರು ಸುತ್ತಿದರೆ ಏನಾಗುತ್ತದೆ ಅಂತ ಹರಿಹರದಲ್ಲಿ ಗೊತ್ತಾಯಿತು. ರೋಡ್ ಹಂಪ್ ಬಂದರೂ ನಮ್ಮವರು ಬ್ರೇಕ್ ಹಾಕಲಿಲ್ಲ. ಸಾರಿನ ಪಾತ್ರೆ ಹಾಸಿಗೆ ಮೇಲೆ ಬೋರಲಾಯಿತು. ಅಲ್ಲಿಂದ ಕೊಂಡಜ್ಜಿ ಕೆರೆವರೆಗೆ ಇಬ್ಬರೂ ಮಾತಾಡಲಿಲ್ಲ.

ಕೆರೆ ದಂಡೆಯಲ್ಲಿ ವ್ಯಾನ್ ನಿಲ್ಲಿಸಿ ಹೊದಿಕೆ ಒಣಹಾಕುತ್ತಿದ್ದೆ. ಮನೆಮಂದಿ ಜೊತೆ ಕೆರೆ ನೋಡಲು ಬಂದಿದ್ದ, ದಾವಣಗೆರೆಯ ಬಳೆ ಅಂಗಡಿಯ ಹೆಂಗಸೊಬ್ಬರು ಹತ್ತಿರ ಬಂದು, "ಒಳಗ ನೋಡ್ಲೇನ್ರಿ ಅಕ್ಕಾ?" ಅಂದರು. ತೋರಿಸಿದೆ. ಬಾಡಿಗೆಗೆ ಮನೆ ನೋಡುವವರ ಹಾಗೆ ನಲ್ಲಿ ತಿರುಗಿಸಿದರು, ಬಚ್ಚಲಿಗೂ ಇಣುಕಿದರು.

"ಎಲ್ಲಾ ಐತೆ. ಸಿಟ್ಟು ಬಂದ್ರ ಎಲ್ಲಿ ಹೋಗಿ ಕೂಡ್ತೀರಿ?"

ಸ್ಟೇರಿಂಗ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದ ನಮ್ಮವರ ಕಡೆ ನೋಡಿದೆ. ಆಕೆಯೂ ನೋಡಿದರು.

"ನಮ್ಮನೇಲಿ ಅದಕ್ಕಂತಾನೇ ಮಾಳಿಗೆ ಐತ್ರಿ. ನಮ್ಮ ಯಜಮಾನ್ರು ಎಷ್ಟೋ ಸಲ ಅಲ್ಲೇ ಉಣ್ತಾರ. ತಟ್ಟೆ ಮಾತ್ರ ನಾನೇ ಒಯ್ದು ಕೊಡ್ಬೇಕು."

ಮುಂದಿನ ಸೀಟಿನಿಂದ ನಗು ಕೇಳಿಸಿತು. ನನಗೂ ತಡೆಯಲಾಗಲಿಲ್ಲ.

ಮರುದಿನ ದಾವಣಗೆರೆಯಲ್ಲಿ ಮಡಚುವ ಕುರ್ಚಿಯೊಂದನ್ನು ಕೊಂಡೆವು. ವ್ಯಾನಿನ ಹೊರಗೆ ಹಾಕಿಕೊಳ್ಳುವ ಆ ಕುರ್ಚಿಗೆ ಮಾಳಿಗೆ ಅಂತಲೇ ಹೆಸರು. ಇರುವುದು ಒಂದೇ ಕುರ್ಚಿಯಾದ್ದರಿಂದ, ಯಾರು ಮೊದಲು ಸಿಟ್ಟಾಗಬೇಕು ಅನ್ನುವುದಕ್ಕೇ ಈಗ ಜಗಳ.