ರುಚಿ ನೋಡದ ಅಡುಗೆ

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಮೊದಲು ದೇವರಿಗೆ ಎಡೆ, ಆಮೇಲೆ ಮನುಷ್ಯರ ಬಾಯಿ. ಹಾಗಾಗಿ ನನ್ನ ಹೆಂಡತಿ ಇಪ್ಪತ್ತಾರು ವರ್ಷ ಮೂಗಿನಿಂದಲೇ ಅಡುಗೆ ಮಾಡಿದಳು. ಬೇಳೆ ಕುದಿಯುವ ಪಾತ್ರೆಯ ಮೇಲೆ ಮುಖವೊಡ್ಡಿ ನಿಂತು, "ಉಪ್ಪ ಕಮ್ಮಿ ಅದ" ಎಂದು ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ಉಪ್ಪಿಗೆ ವಾಸನೆ ಇಲ್ಲವೆಂದು ನಾನು ವಾದಿಸಿದ್ದುಂಟು.

"ನಿಮ್ಮ ಮೂಗಿಗಿಲ್ಲ, ಅಷ್ಟ ಹೇಳ್ರಿ."

ಆಕೆಯ ಅಂದಾಜು ಒಮ್ಮೆಯೂ ತಪ್ಪಲಿಲ್ಲ ಎಂದು ಬರೆಯಲು ಕೈ ಓಡುತ್ತದೆ. ತಪ್ಪಿರಬಹುದು. ಕೈಬಿಟ್ಟು ಹೋದದ್ದನ್ನು ನೆನಪು ತೊಳೆದು ಒರೆಸಿ ಇಡುತ್ತದೆ.

ಜ್ವರ ಇಬ್ಬರಿಗೂ ಒಟ್ಟಿಗೇ ಬಂತು. ಇಬ್ಬರಿಗೂ ವಾಸನೆ, ರುಚಿ ಎರಡೂ ಹೋದವು. ನನಗೆ ಇಪ್ಪತ್ತು ದಿನಕ್ಕೆ ಮರಳಿದವು. ನಮ್ಮೂರು ವಾಡಿಯ ಸ್ಟೇಷನ್ನಿನಲ್ಲಿ ಯಾರದೋ ಬೀಡಿಯ ಹೊಗೆ ಮೂಗಿಗೆ ಬಡಿದಾಗ ಆ ಅಪರಿಚಿತನನ್ನು ಅಪ್ಪಿಕೊಳ್ಳಬೇಕೆನಿಸಿತು. ಆಕೆಗೆ ಮರಳಲಿಲ್ಲ. ಕಲಬುರಗಿಯ ಡಾಕ್ಟರು ಮೊದಲು ಮೂರು ತಿಂಗಳು ಎಂದರು, ಆಮೇಲೆ ಆರು ಎಂದರು, ಆಮೇಲೆ "ನೋಡೋಣ" ಎಂದರು.

ಅಡುಗೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಜೋಳದ ರೊಟ್ಟಿಗೆ ಏನೂ ಆಗಲಿಲ್ಲ, ಅದು ಕೈಯ ಕೆಲಸ. ಪಲ್ಯ, ಸಾರು ದಾರಿ ತಪ್ಪಿದವು. ಒಂದು ದಿನ ಉಪ್ಪೇ ಇಲ್ಲ, ಮರುದಿನ ಬಾಯಿಗಿಡಲಾಗದಷ್ಟು. ಒಗ್ಗರಣೆ ಹೊತ್ತಿದ್ದು ಆಕೆಗೆ ಗೊತ್ತಾಗುತ್ತಿರಲಿಲ್ಲ. "ಹ್ಯಾಂಗಾಗ್ಯಾದ?" ಎಂದು ನನ್ನ ತಾಟನ್ನೇ ನೋಡುತ್ತ ಕೇಳಿದಳು. "ಭಾಳ ಚಲೋ ಆಗ್ಯಾದ" ಎಂದೆ. ಅದು ಕರುಣೆಯಿಂದ ಹೇಳಿದ್ದು ಎಂದು ಮೊದಲು ಬರೆದಿದ್ದೆ, ಆ ಸಾಲನ್ನು ಹೊಡೆದುಹಾಕಿದ್ದೇನೆ. ನಿಜ ಹೇಳಿದರೆ ಮುಂದೇನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ, ಅಷ್ಟೇ.

ಸೇಡಂನಲ್ಲಿ ನನಗೆ ಮೇಷ್ಟ್ರ ಕೆಲಸ. ಸಂಜೆಯ ಗಾಡಿ ಹಿಡಿಯುವ ಮುಂಚೆ ಅಲ್ಲಿಯ ಒಂದು ಖಾನಾವಳಿಯಲ್ಲಿ ಉಣ್ಣತೊಡಗಿದೆ. ಪುಂಡಿಪಲ್ಯದ ಮೇಲೆ ಬೆರಳಷ್ಟು ಎಣ್ಣೆ ತೇಲುತ್ತಿತ್ತು, ಸಾರಿಗೆ ಕೆಂಪು ಖಾರ ಸುರಿದಿರುತ್ತಿದ್ದರು. ಮೊದಲಾಗಿದ್ದರೆ ಮುಟ್ಟುತ್ತಿರಲಿಲ್ಲ. ಆದರೆ ಉಪ್ಪು ಸರಿಯಿತ್ತು. ಅಳುಕುತ್ತ ಉಂಡೆ ಎಂದರೆ ಓದುವವರಿಗೆ ಹಿತವಾಗಬಹುದು. ಇಲ್ಲ, ಬೆರಳು ಚೀಪುತ್ತ ಉಂಡೆ. ಮನೆಗೆ ಬಂದು ಅರ್ಧ ರೊಟ್ಟಿ ಮುರಿದು, "ಹಸಿವಿಲ್ಲ" ಎನ್ನುತ್ತಿದ್ದೆ. ಹೀಗೆ ಎಂಟು ತಿಂಗಳು ಕಳೆದವು.

ಒಂದು ರವಿವಾರ ಆಕೆ ಒಂದು ಬಟ್ಟಲು ಹೀರೇಕಾಯಿ ಪಲ್ಯವನ್ನು ಪಕ್ಕದ ಮನೆಗೆ ಕೊಟ್ಟುಬಂದಳು. ಖಾಲಿ ಬಟ್ಟಲು ಮರಳಿಸುವ ರೂಢಿ ನಮ್ಮಲ್ಲಿಲ್ಲ. ಆ ಮನೆಯ ಹೆಣ್ಣುಮಗಳು ಅದರಲ್ಲಿ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ತುಂಬಿಕೊಂಡು, ನಗುತ್ತ ಬಂದಳು.

"ಅಕ್ಕಾ, ಅಣ್ಣಾರ ಮ್ಯಾಲಿನ ಸಿಟ್ಟ ಪಲ್ಯಾದಾಗ ಹಾಕೀರೇನ್ರಿ? ಉಪ್ಪ ಎರಡ ಸರ್ತಿ ಬಿದ್ದಂಗದ."

"ಏ, ಸುಮ್ಕಿರ. ಇವರು ಈಗರೆ ಉಂಡ್ರು, ಚಲೋ ಆಗ್ಯಾದ ಅಂದ್ರು."

"ಹಂಗಾದ್ರ ಅಣ್ಣಾರು ಭಾಳ ಶಾಂತ ಮನಷ್ಯಾರು ಬಿಡ್ರಿ. ನಮ್ಮವರಾಗಿದ್ರ ತಾಟ ಅಂಗಳದಾಗ ಇರ್ತಿತ್ತು."

ಮೂವರಲ್ಲಿ ನಕ್ಕವಳು ಅವಳೊಬ್ಬಳೇ. ಅವಳು ಹೋದಮೇಲೆ ಹೆಂಡತಿ ಬಟ್ಟಲು ಕೆಳಗಿಟ್ಟಳು.

"ಎಷ್ಟ ದಿನದಿಂದ ಹಿಂಗದ?"

"ಜ್ವರ ಬಂದಾಗಿನಿಂದ."

"ಮತ್ತ ನೀವ ಎಲ್ಲಿ ಉಣ್ಣಾಕತ್ತಿದ್ರಿ?"

"ಸೇಡಂದಾಗ."

ಬೈಯುತ್ತಾಳೆ ಎಂದುಕೊಂಡೆ. ಆಕೆ ದೇವರ ಗೂಡಿನ ಕಡೆ ತಿರುಗಿದಳು. "ದಿನಾ ಇದನ್ನ ಎಡಿ ಹಿಡದೀನಲ್ರಿ. ನೀವರ ಸೇಡಂಕ್ಕ ಹೋದ್ರಿ. ಅಂವ ಎಲ್ಲಿ ಹೋಗಬೇಕ್ರಿ?"

ಎಡೆಗೆ ಮುಂಚೆ ನಾನು ರುಚಿ ನೋಡಿ ಹೇಳುತ್ತೇನೆ ಎಂದೆ. "ಎಂಜಲ ಎಡಿ ಮಾಡಂತೀರಿ?" ಎಂದಳು. ಅಳತೆಯ ಚಮಚ ತಂದುಕೊಟ್ಟೆ. ಹತ್ತೋ ಹನ್ನೆರಡೋ ದಿನ ಅಳೆದು ಹಾಕಿದಳು. ಉಪ್ಪು ಸರಿಹೋಯಿತು, "ಸರಿಯದ" ಎಂದೆ. ಆಕೆ ನಂಬಲಿಲ್ಲ. ಮೊದಲೂ ಇದೇ ದನಿಯಲ್ಲಿ ಹೇಳಿದ್ದೆನಲ್ಲ. ಆ ಎಂಟು ತಿಂಗಳು ನಾನು ಆಕೆಯ ನಾಲಿಗೆಯಾಗಬಹುದಿತ್ತು. ಎಡೆಯಾದ ಮೇಲೆ ದಿನವೂ ಇದ್ದದ್ದನ್ನು ಇದ್ದಹಾಗೆ ಹೇಳಿದ್ದರೆ, ಮರುದಿನದ ಅಡುಗೆಗೆ ಆಕೆಯ ಕೈ ತಾನೇ ಹೊಂದಿಕೊಳ್ಳುತ್ತಿತ್ತು. ಹೊಂದಿಕೊಳ್ಳುತ್ತಿರಲಿಲ್ಲವೇನೋ. ಈಗ ಪರೀಕ್ಷಿಸಿ ನೋಡುವ ದಾರಿಯಿಲ್ಲ.

ಒಂದು ಬೆಳಿಗ್ಗೆ ಆಕೆ ಒಲೆ ಹಚ್ಚಲಿಲ್ಲ. ಅಂದಿನಿಂದ ದೇವರಿಗೆ ಹಾಲು ಸಕ್ಕರೆ, ನಮಗೆ ವಾಡಿಯ ಖಾನಾವಳಿ.

ಅಲ್ಲಿಗೆ ಮೊದಲ ದಿನ ಹೋದಾಗ ಆಕೆ ಸೆರಗು ಬಿಗಿ ಹೊದ್ದು ಗೋಡೆಯ ಕಡೆಗೆ ಕುಳಿತಳು. ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ ಬಂದವು. ನಾನು ಒಂದು ತುತ್ತು ತಿಂದು, ಕೇಳುವ ಮುಂಚೆಯೇ ಹೇಳಿದೆ: "ಪಲ್ಯಾಕ್ಕ ಉಪ್ಪ ಕಮ್ಮಿ ಅದ."

ಆಕೆ ನನ್ನನ್ನು ನೋಡಲೂ ಇಲ್ಲ. ಬಡಿಸುತ್ತಿದ್ದ ನರೆಮೀಸೆಯವನನ್ನು ಕೂಗಿದಳು.

"ಅಣ್ಣಾ, ಪಲ್ಯಾಕ್ಕ ಉಪ್ಪ ಸರಿ ಅದೇನ್ರಿ?"

"ಬಾಯಾಗ ಇಟ್ಟ ನೋಡ್ರಿ ಅಕ್ಕಾರ, ನನಗ್ಯಾಕ ಕೇಳ್ತೀರಿ?"

"ಇಲ್ಲ, ನೀವ ಹೇಳ್ರಿ."

"ಒಂದನೇ ನಂಬರ್ ಅದ ನೋಡ್ರಿ. ದಿನಾ ನೂರ ಮಂದಿ ಉಣ್ತಾರ, ಒಬ್ಬರೂ ಏನ್ ಅಂದಿಲ್ಲ."

"ಹಂಗಾದ್ರ ಸರಿ" ಎಂದು ಆಕೆ ರೊಟ್ಟಿ ಮುರಿದಳು. ಪಲ್ಯಕ್ಕೆ ನಿಜಕ್ಕೂ ಉಪ್ಪು ಕಡಿಮೆಯಿತ್ತು. ನಾನು ಉಪ್ಪಿನ ಬಟ್ಟಲನ್ನು ಆಕೆಯ ಕಡೆ ಸರಿಸಿದೆ. ಆಕೆ ಅದನ್ನು ಮುಟ್ಟಲಿಲ್ಲ.