ಅವಳು ಮನೆಯಲ್ಲೇ ಇದ್ದಾಳೆ ಅಂದುಕೊಂಡಿದ್ದೆ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಫ್ಯಾಕ್ಟರಿಗೆ ಸ್ಪೇನಿನಿಂದ ಮೆಷಿನು ಬಂತು, ನಮ್ಮ ಮನೆಗೆ ಅನುಮಾನ ಬಂತು. ಟ್ರೇನಿಂಗಿಗೆ ಆ ದೇಶಕ್ಕೆ ಹೋಗುವ ಆಸೆಯಿಂದ ನಮ್ಮೆಜಮಾನರು ವಿಜಯನಗರದ ಮೇಷ್ಟ್ರೊಬ್ಬರ ಮನೆಗೆ ಸಂಜೆ ಹೊತ್ತು ಸ್ಪ್ಯಾನಿಷ್ ಕಲಿಯಲು ಹೋಗುತ್ತಿದ್ದರು. ಮೇಷ್ಟ್ರು ಹಡಗಿನ ಕಂಪನಿಯಲ್ಲಿ ದುಡಿದು ಬಹಳ ವರ್ಷ ಸ್ಪೇನಿನಲ್ಲಿದ್ದವರಂತೆ. ‘ಅಂತೆ’ ಅಂದೆ, ಏಕೆಂದರೆ ನಾನು ನಂಬಿರಲಿಲ್ಲ.

ಒಂದು ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಾ ಇವರು ಪಾಠ ಒಪ್ಪಿಸುತ್ತಿದ್ದರು. ಅದೇನು ಅಂತ ಕೇಳಿದೆ. ಹಿಂದೆ ನಾವು ಊಹಿಸಿಕೊಂಡಿದ್ದನ್ನು ಹೇಳುವ ಪಾಠವಂತೆ. ಬಹಳ ದಿನ ಮನಸ್ಸಿನಲ್ಲಿದ್ದ ಊಹೆಗೆ ‘ಕ್ರೇಯಿಯಾ’, ತಟ್ಟನೆ ಹೊಳೆದದ್ದಕ್ಕೆ ‘ಪೆನ್ಸೆ’, ಅಷ್ಟು ಹೊತ್ತಿಗೆ ಆಗಿಹೋಗಿತ್ತೇನೋ ಅನ್ನುವುದಕ್ಕೆ ‘ಅಬ್ರಿಯಾ’. ಉದಾಹರಣೆ ಹೇಳಿ ಅಂದೆ. ಅವಳು ಮನೆಯಲ್ಲೇ ಇದ್ದಾಳೆ ಅಂದುಕೊಂಡಿದ್ದೆ. ಅವಳಿಗೆ ಬಸ್ ತಪ್ಪಿತು ಅನ್ನಿಸಿತು. ಅಷ್ಟು ಹೊತ್ತಿಗೆ ಅವಳು ಊರು ಬಿಟ್ಟಿದ್ದಳೇನೋ.

ಎಲ್ಲದರಲ್ಲೂ ಅವಳು. ಯಾವಳು? ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿಬಿಟ್ಟು ಕೇಳಲಿಲ್ಲ.

ಮುಂದಿನ ಪಾಠದ ದಿನ, ಆ ಕಡೆ ಕೆಲಸವಿದೆ ಎಂದು ಸುಳ್ಳು ಹೇಳಿ ನಾನೂ ಇವರ ಜೊತೆ ಹೊರಟೆ. ಮೇಷ್ಟ್ರ ಮನೆಯಲ್ಲಿ ಹೆಂಗಸಿನ ಸುಳಿವಿರಲಿಲ್ಲ. ಕಾಫಿ ಅವರೇ ಮಾಡಿಕೊಟ್ಟರು. ಆದರೆ ಹೊರಡುವಾಗ ಬಟ್ಟಲ ತುಂಬ ಹೊಸ ಕುಂಕುಮ ತಂದು ನನ್ನ ಮುಂದಿಟ್ಟು, ನೀವೇ ಇಟ್ಟುಕೊಳ್ಳಿ ಅಂದರು. ಗಂಡಸೊಬ್ಬರೇ ಇರುವ ಮನೆಯಲ್ಲಿ ಇದೆಲ್ಲಿಂದ ಬಂತು? ಆ ‘ಅವಳು’ ಒಳಗೇ ಇರಬೇಕು ಎಂದು ಅಡುಗೆಮನೆಯತ್ತ ಕತ್ತು ಚಾಚಿದೆ. ಮೇಷ್ಟ್ರು ನೋಡಿಬಿಟ್ಟರು.

“ಒಳಗೆ ಯಾರೂ ಇಲ್ಲಮ್ಮ. ನನ್ನ ಹೆಂಡ್ತಿ ಮನೆ ಬಿಟ್ಟು ಹೋದಳು. ವಾಪಸ್ ಬಂದರೆ ಬೇಕಾಗುತ್ತಲ್ಲ ಅಂತ ಇದನ್ನ ತಂದಿಡ್ತೀನಿ,” ಅಂದರು. ಆಮೇಲೆ ತಲೆ ತಗ್ಗಿಸಿ, “ಅವಳಿಗೆ ಬೇರೆ ಯಾರೋ ಇದಾರೆ ಅಂದ್ಕೊಂಡಿದ್ದೆ. ಒಂದು ಸಲಾನೂ ಕೇಳಲಿಲ್ಲ,” ಅಂದರು.

ಪಾಠದ ಅವಳು ಮೇಷ್ಟ್ರ ಹೆಂಡತಿ! ನನಗೆ ನಾಚಿಕೆಯಾಯಿತು, ಅವರನ್ನು ನೋಡಿ ಸಂಕಟವಾಯಿತು. ಸುಳ್ಳೇಕೆ, ಸದ್ಯ ಬದುಕಿದೆ ಅಂತಲೂ ಅನ್ನಿಸಿತು. ಅವರ ಹಾಗೆ ಒಳಗೊಳಗೇ ಕೊರಗುವುದು ಬೇಡವೆಂದು, ಬಸ್ ಸ್ಟಾಪಿನಲ್ಲಿ ಇವರನ್ನು ಕೇಳಿಯೇಬಿಟ್ಟೆ.

“ರೀ, ನಿಮಗೆ ಬೇರೆ ಯಾರಾದ್ರೂ ಇದಾರೇನ್ರೀ?”

ನಗುತ್ತಾರೆ, ಇಲ್ಲವೇ ತಲೆ ಕೆಟ್ಟಿದೆಯಾ ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. ಇವರು ನಮ್ಮ ಕಾಮಾಕ್ಷಿಪಾಳ್ಯದ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

“ನಿಂಗೆ ಯಾರು ಹೇಳಿದ್ದು?”